ನಿಲ್ಲಿಸಿದಲ್ಲೇ ಇಳಿಯುವ ಬ್ಯಾಟರಿ: ಹಳೆ ಕಾರು, ಜೀಪುಗಳಲ್ಲಿ ಡ್ರೈನ್ ಹುಡುಕುವ ಕ್ರಮ

ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕಟಕ ಸದ್ದು, ಎಂಜಿನ್ ಮಾತ್ರ ತಿರುಗದು. ಪಕ್ಕದ ಗಾಡಿಯಿಂದ ಜಂಪ್ ಕೊಟ್ಟರೆ ಸ್ಟಾರ್ಟ್ ಆಗುತ್ತದೆ, ಎರಡು ದಿನ ಬಿಟ್ಟು ಮತ್ತೆ ಅದೇ ಪಾಡು. ಈ ಹಂತದಲ್ಲಿ ಹೆಚ್ಚಿನವರು ಮಾಡುವ ಕೆಲಸ ಹೊಸ ಬ್ಯಾಟರಿ ಕೊಳ್ಳುವುದು. ಡ್ರೈನ್, ಅಂದರೆ ನಿಂತಾಗಲೂ ಯಾವುದೋ ಸಾಮಾನು ಕರೆಂಟು ಎಳೆಯುವ ಸೋರಿಕೆ, ಇರುವ ಗಾಡಿಗೆ ಹೊಸ ಬ್ಯಾಟರಿ ಹಾಕಿದರೆ ತೊಂದರೆ ಕೆಲವು ದಿನ ಅಡಗಿ ಕೂರುತ್ತದೆ, ಆಮೇಲೆ ಆ ಬ್ಯಾಟರಿಯನ್ನೂ ತಿನ್ನುತ್ತದೆ. ಐದಾರು ನೂರು ರೂಪಾಯಿಯ ಮಲ್ಟಿಮೀಟರ್, 10ರ ಸ್ಪ್ಯಾನರ್, ಒಂದು ಬಲ್ಬು ಮತ್ತು ಅರ್ಧ ದಿನದ ತಾಳ್ಮೆ ಇದ್ದರೆ ಕಾರಣ ಮನೆಯಲ್ಲೇ ಸಿಗುತ್ತದೆ.

ಇಲ್ಲಿ ಹೇಳುವುದು ಮಾರುತಿ 800, ಓಮ್ನಿ, ಹಳೆ ಝೆನ್, ಪದ್ಮಿನಿ, ಅಂಬಾಸಡರ್, ಮಹೀಂದ್ರ ಡೀಸೆಲ್ ಜೀಪುಗಳಂಥ ಸರಳ ವೈರಿಂಗಿನ 12 ವೋಲ್ಟ್ ಗಾಡಿಗಳಿಗೆ. ಕಂಪ್ಯೂಟರ್ ತುಂಬಿದ ಹೊಸ ಕಾರುಗಳಿಗೂ ತತ್ವ ಒಂದೇ. ಆದರೆ ಅಲ್ಲಿ ಎಲ್ಲ ಮಾಡ್ಯೂಲ್‌ಗಳು ಮಲಗುವವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಹಳೆಯದರಲ್ಲಿ ಆ ಕಾಟವಿಲ್ಲ.

ಡ್ರೈನೇ ಹೌದಾ?

ಬ್ಯಾಟರಿ ಇಳಿಯಲು ಮೂರು ದಾರಿ: ಬ್ಯಾಟರಿಯೇ ಸತ್ತಿರುವುದು, ಚಾರ್ಜ್ ಸರಿಯಾಗಿ ಆಗದಿರುವುದು, ನಿಂತಾಗ ಯಾವುದೋ ಕರೆಂಟು ಎಳೆಯುತ್ತಿರುವುದು. ಮೂರನ್ನೂ ಮೊದಲು ಬೇರ್ಪಡಿಸದೆ ಫ್ಯೂಸ್ ಕೀಳಲು ಕೂತರೆ ದಿನ ಹಾಳು.

ಚಾರ್ಜರ್‌ನಿಂದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ. ಹೆಡ್‌ಲೈಟ್ ಎರಡು ನಿಮಿಷ ಉರಿಸಿ ಆರಿಸಿ, ಅರ್ಧ ಗಂಟೆ ಬಿಟ್ಟು ವೋಲ್ಟೇಜ್ ಅಳೆಯಿರಿ. ಹಾಗೆ ಉರಿಸದಿದ್ದರೆ ಪ್ಲೇಟುಗಳ ಮೇಲ್ಮೈಯಲ್ಲಿ ನಿಂತ ಚಾರ್ಜು ಸುಳ್ಳು ಅಂಕಿ ತೋರಿಸುತ್ತದೆ. 12.6 ಅಥವಾ ಮೇಲಿದ್ದರೆ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ಈಗ ಮೈನಸ್ ಟರ್ಮಿನಲ್ ಕಳಚಿ, ಕೇಬಲ್ ತಾಗದಂತೆ ದೂರ ಸರಿಸಿ ರಾತ್ರಿಯಿಡೀ ಬಿಡಿ. ಕಳಚಿಟ್ಟ ಬ್ಯಾಟರಿಯೂ ಬೆಳಗಾಗುವುದರೊಳಗೆ 12.2ಕ್ಕೆ ಇಳಿದಿದ್ದರೆ ದೋಷ ಬ್ಯಾಟರಿಯದೇ, ವೈರಿಂಗಿಗೆ ಕೈ ಹಾಕುವುದು ಬೇಡ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟು ಆರೂ ಸೆಲ್ ನೋಡಿ. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಸೆಲ್ ಹೋಗಿದೆ. ನೀರು ಕಡಿಮೆಯಿದ್ದರೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ.

ಬ್ಯಾಟರಿಯ ತಲೆಯ ಮೇಲಿನ ಕೊಳೆಯೂ ಒಂದು ಡ್ರೈನೇ. ಆಸಿಡ್ ತೇವ ಮತ್ತು ಧೂಳು ಸೇರಿದ ಪದರ ಎರಡು ಟರ್ಮಿನಲ್ ನಡುವೆ ಸಣ್ಣ ಸೇತುವೆ ಕಟ್ಟುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ಮೈನಸ್ ಟರ್ಮಿನಲ್‌ಗೆ ಒತ್ತಿ, ಕೆಂಪು ಕಡ್ಡಿಯನ್ನು ಪ್ಲಾಸ್ಟಿಕ್ ಮೇಲೆ ಎಳೆಯಿರಿ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ತೊಳೆಯುವ ಕಾಲ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಬ್ರಷ್‌ನಲ್ಲಿ ಉಜ್ಜಿ ಒಣಗಿಸಿ. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಇಳಿದರೆ ಆಸಿಡ್ ಕೆಡುತ್ತದೆ.

ಚಾರ್ಜಿಂಗ್ ನೋಡುವುದು ಇನ್ನೂ ಸುಲಭ. ಎಂಜಿನ್ ಓಡುತ್ತಿರುವಾಗ, ಐಡ್ಲ್‌ಗಿಂತ ತುಸು ಹೆಚ್ಚು ಆಕ್ಸಿಲರೇಟರ್ ಕೊಟ್ಟು, ಹೆಡ್‌ಲೈಟ್ ಹಾಕಿ ಬ್ಯಾಟರಿ ಟರ್ಮಿನಲ್ ಮೇಲೇ ಅಳೆಯಿರಿ. 13.8ರಿಂದ 14.4 ಬಂದರೆ ಸರಿ. 13ರ ಆಸುಪಾಸಿನಲ್ಲೇ ನಿಂತರೆ ಬೆಲ್ಟ್ ಸಡಿಲ, ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ) ದೋಷ ಅಥವಾ ಬಾಡಿ ಅರ್ಥ್, ಅಂದರೆ ಬ್ಯಾಟರಿಯ ಮೈನಸ್ಸನ್ನು ಬಾಡಿ, ಎಂಜಿನ್ನಿಗೆ ಸೇರಿಸುವ ಜಾಗ, ತುಕ್ಕು ಹಿಡಿದಿದೆ. ಎಂಜಿನ್ನಿಂದ ಬ್ಯಾಟರಿಯ ಮೈನಸ್‌ಗೆ ನೇರ ಅಳೆದಾಗ 0.2 ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ಥ್ ಪಟ್ಟಿ ಬಿಚ್ಚಿ ಲೋಹ ಹೊಳೆಯುವವರೆಗೆ ಉಜ್ಜಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಗೆ ಇದೆಲ್ಲ ಸರಿಯಿದ್ದರೂ ಬ್ಯಾಟರಿ ಇಳಿಯಬಹುದು. ಸೆಲ್ಫ್ ಎಳೆದದ್ದನ್ನು ವಾಪಸು ತುಂಬಲು ಅಷ್ಟು ಓಟ ಸಾಲದು. ಅದು ಡ್ರೈನ್ ಅಲ್ಲ, ವಾರಕ್ಕೊಮ್ಮೆ ದೂರ ಓಡಿಸಿದರೆ ಸರಿಹೋಗುತ್ತದೆ.

ಎಷ್ಟು ಸೋರಿದರೆ ಹೆಚ್ಚು?

ಗಡಿಯಾರವೂ ಇಲ್ಲದ, ಹಾಡಿನ ಸೆಟ್ಟೂ ಇಲ್ಲದ ಜೀಪಿನಲ್ಲಿ ಚಾವಿ ತೆಗೆದ ಮೇಲೆ ಕರೆಂಟು ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಗಡಿಯಾರ ಮತ್ತು ಸೆಟ್ಟಿನ ಮೆಮೊರಿ ಇರುವ ಕಾರಿನಲ್ಲಿ 10ರಿಂದ 30 ಮಿಲಿಆಂಪ್ ಸಹಜ. 50 ದಾಟಿದರೆ ಹುಡುಕಿ.

ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಎಎಚ್ (ಆಂಪ್-ಅವರ್, ಅಂದರೆ ಆಂಪ್ ಗುಣಿಸು ಗಂಟೆ) ಬ್ಯಾಟರಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಅರ್ಧ ಇಳಿಯುವುದೆಂದರೆ 17.5 ಎಎಚ್ ಖರ್ಚಾಗುವುದು. 50 ಮಿಲಿಆಂಪ್ ಸೋರಿಕೆಗೆ ಅದಕ್ಕೆ ಎರಡು ವಾರ ಬೇಕು. 150 ಮಿಲಿಆಂಪ್ ಆದರೆ ಐದು ದಿನದೊಳಗೆ. 5 ವ್ಯಾಟ್‌ನ ಒಂದು ಬಲ್ಬು ಉರಿಯುತ್ತಿದ್ದರೆ ಎರಡು ದಿನವೂ ಬೇಡ. ಬ್ರೇಕ್ ಲೈಟ್ ಎರಡೂ ಉರಿದರೆ ಐದೇ ಗಂಟೆ. ನಾಲ್ಕು ವರ್ಷ ಹಳೆಯ ಬ್ಯಾಟರಿಯ ನಿಜವಾದ ಸಾಮರ್ಥ್ಯ ಲೇಬಲ್ ಮೇಲಿನದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಹಾಗಾಗಿ ನಿಮ್ಮ ಗಾಡಿ ಎಷ್ಟು ಹೊತ್ತಿನಲ್ಲಿ ಸಾಯುತ್ತದೆ ಎನ್ನುವುದೇ ಮೊದಲ ಸುಳಿವು: ಒಂದು ರಾತ್ರಿಯಲ್ಲಾದರೆ ಆಂಪ್ ಲೆಕ್ಕದ ಸೋರಿಕೆ, ವಾರ ಹಿಡಿದರೆ ಮಿಲಿಆಂಪ್ ಲೆಕ್ಕದ್ದು.

ಮೀಟರ್ ಜೋಡಿಸುವುದು

ಮೊದಲು ಬಲ್ಬು, ಆಮೇಲೆ ಮೀಟರ್. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ಮೈನಸ್ ಟರ್ಮಿನಲ್ ಕಳಚಿ, ಟರ್ಮಿನಲ್ ಮತ್ತು ಕೇಬಲ್ ನಡುವೆ ಆ ಬಲ್ಬನ್ನು ಸೇರಿಸಿ. ಬಲ್ಬು ಪೂರ್ತಿ ಪ್ರಕಾಶದಲ್ಲಿ ಉರಿದರೆ ದೊಡ್ಡ ಸೋರಿಕೆ, ಬಹುಶಃ ಎಲ್ಲೋ ಶಾರ್ಟ್. ಆಗ ಮೀಟರ್ ಹಾಕಿದರೆ ಅದರ ಫ್ಯೂಸ್ ಹೋಗುತ್ತದೆ, ಅಗ್ಗದ ಮೀಟರಾದರೆ ಮೀಟರೇ ಹೋಗುತ್ತದೆ. ಹಲವು ಅಗ್ಗದ ಮೀಟರುಗಳ 10 ಆಂಪ್ ಸಾಕೆಟ್ಟಿಗೆ ಫ್ಯೂಸೇ ಇರುವುದಿಲ್ಲ. ಬಲ್ಬು ಮಂಕಾಗಿ ಉರಿದರೆ ಅಥವಾ ಉರಿಯದಿದ್ದರೆ ಮೀಟರ್ ಹಾಕಬಹುದು.

ಚಾವಿ ತೆಗೆಯಿರಿ. ಬಾನೆಟ್ ಎತ್ತಿರಲಿ, ಬಾನೆಟ್ ಲೈಟ್ ಇದ್ದರೆ ಅದರ ಬಲ್ಬು ಕಳಚಿ. ಫ್ಯೂಸ್ ಬಾಕ್ಸ್ ಡ್ಯಾಶ್ ಕೆಳಗಿದ್ದರೆ ಬಾಗಿಲು ತೆರೆದೇ ಕೆಲಸ ಮಾಡಬೇಕಾಗುತ್ತದೆ, ಆದ್ದರಿಂದ ಡೋರ್ ಸ್ವಿಚ್ಚನ್ನು ಒತ್ತಿ ಟೇಪ್ ಸುತ್ತಿ. ಮೀಟರಿನ ಕೆಂಪು ವೈರನ್ನು 10 ಆಂಪ್ ಸಾಕೆಟ್ಟಿಗೆ ಬದಲಿಸಿ, ಗುಂಡಿಯನ್ನು ಡಿಸಿ 10 ಆಂಪ್‌ಗೆ ತಿರುಗಿಸಿ. ಬಲ್ಬು ತೆಗೆದು ಕೇಬಲ್ ಕ್ಲ್ಯಾಂಪನ್ನು ಮೈನಸ್ ಕಂಬದ ಮೇಲೆ ಮತ್ತೆ ಕೂರಿಸಿ. ಒಂದು ಕ್ಲಿಪ್ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಕೇಬಲ್ ಕ್ಲ್ಯಾಂಪಿಗೆ. ಕ್ಲಿಪ್ ಎರಡೂ ಕೂತ ಮೇಲೆ ಕ್ಲ್ಯಾಂಪನ್ನು ನಿಧಾನ ಮೇಲೆತ್ತಿದರೆ ಕರೆಂಟು ಕಡಿಯದೆ ಮೀಟರ್ ಮೂಲಕ ಹರಿಯುತ್ತದೆ. ಹೀಗೆ ಮಾಡುವುದಕ್ಕೆ ಕಾರಣವಿದೆ: ಅಂಟಿಕೊಂಡ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಕರೆಂಟು ಕಡಿದ ಕ್ಷಣ ಬಿಟ್ಟುಕೊಳ್ಳಬಹುದು, ಅಲಾರಂ ಪೆಟ್ಟಿಗೆ ಎಚ್ಚರಗೊಳ್ಳಬಹುದು. ಎರಡೂ ಅಳತೆ ಕೆಡಿಸುತ್ತವೆ.

ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಬಾರದು, ಚಾವಿಯನ್ನೇ ತಿರುಗಿಸಬಾರದು. ಬ್ರಿಟಿಷ್ ಮೂಲದ ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಬಾಡಿಗೆ ಕೂತಿರುವುದು ಪ್ಲಸ್. ಆಗ ಅಳೆಯಬೇಕಾದದ್ದೂ ಕಳಚಬೇಕಾದದ್ದೂ ಬಾಡಿಗೆ ಹೋಗುವ ಆ ಕೇಬಲ್ಲನ್ನೇ. ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಾಗಿದ ಕೂಡಲೇ ಕಿಡಿ ಹಾರುತ್ತದೆ, ಚಾರ್ಜ್ ಆಗಿ ಅನಿಲ ಬಿಟ್ಟ ಬ್ಯಾಟರಿಯ ಪಕ್ಕ ಅದು ಅಪಾಯ.

0.00 ಎಂದು ತೋರಿಸಿದರೆ ಖುಷಿಪಡುವ ಮೊದಲು ಡೋರ್ ಸ್ವಿಚ್ ಬಿಟ್ಟು ರೂಫ್ ಲೈಟ್ ಉರಿಯುವಂತೆ ಮಾಡಿ. ಮೀಟರ್ ಅರ್ಧದಿಂದ ಒಂದು ಆಂಪ್ ತೋರಿಸಬೇಕು. ತೋರಿಸದಿದ್ದರೆ, ಲೈಟೂ ಉರಿಯದಿದ್ದರೆ, ಮೀಟರಿನ ಫ್ಯೂಸ್ ಸುಟ್ಟಿದೆ.

ಕ್ಲ್ಯಾಂಪ್ ಮೀಟರ್ ಇದ್ದರೆ ಏನನ್ನೂ ಕಳಚದೆ ಕೇಬಲ್ ಸುತ್ತ ಹಿಡಿದು ನೋಡಬಹುದು. ಆದರೆ ಅದು ಡಿಸಿ ಅಳೆಯುವಂಥದ್ದೇ ಆಗಿರಬೇಕು. ಮನೆ ವೈರಿಂಗಿನವರು ಬಳಸುವ ಎಸಿ ಮಾತ್ರದ ಕ್ಲ್ಯಾಂಪ್ ಇಲ್ಲಿ ಸೊನ್ನೆ ಬಿಟ್ಟು ಬೇರೇನೂ ಹೇಳದು.

ಅಂಕಿ ಓದುವುದು

ಹಳೆ ಗಾಡಿಗಳ ಅನುಕೂಲ ಇದೇ: ಅವುಗಳಲ್ಲಿರುವ ಸಾಮಾನು ಕಡಿಮೆ, ಪ್ರತಿಯೊಂದೂ ಎಳೆಯುವ ಕರೆಂಟು ಗೊತ್ತಿರುವಂಥದ್ದು. ಮೀಟರಿನಲ್ಲಿ 0.4 ಆಂಪ್ ಸ್ಥಿರವಾಗಿ ನಿಂತರೆ 5 ವ್ಯಾಟ್ ಬಲ್ಬು. 0.8 ಆದರೆ 10 ವ್ಯಾಟ್ ಅಥವಾ 5ರವು ಎರಡು. 3.5 ಆದರೆ 21 ವ್ಯಾಟ್‌ನ ಎರಡು ಬ್ರೇಕ್ ಲೈಟ್. ಪೆಡಲ್ ಮೇಲಿನ ಸ್ವಿಚ್ ಹಿಂದಕ್ಕೆ ಬರುತ್ತಿಲ್ಲ. 0.15ರಿಂದ 0.2 ಆದರೆ ಒಂದು ರಿಲೇ ಕಾಯಿಲ್ ಎಳೆದುಕೊಂಡೇ ಕೂತಿದೆ, ಆ ರಿಲೇ ಮುಟ್ಟಿದರೆ ಉಗುರುಬೆಚ್ಚಗಿರುತ್ತದೆ. ಅಂಕಿ ನಿಲ್ಲದೆ ಏರಿಳಿದರೆ ಹಾಡಿನ ಸೆಟ್, ಅಲಾರಂ ಅಥವಾ ಜಿಪಿಎಸ್ ಟ್ರ್ಯಾಕರ್ ಮೇಲೆ ಅನುಮಾನ. ಎರಡು ಮೂರು ಆಂಪ್ ಇದ್ದೂ ಎಲ್ಲೂ ಬೆಳಕು ಕಾಣದಿದ್ದರೆ ನೇರ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರದ ಕಡೆ ಹೋಗಿ.

ಮುಚ್ಚಿದ ಡಿಕ್ಕಿಯೊಳಗೆ ಲೈಟ್ ಆರಿತೋ ಇಲ್ಲವೋ ನೋಡಲು ಮಗುವನ್ನು ಒಳಗೆ ಕೂರಿಸಬೇಕಿಲ್ಲ, ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಮುಚ್ಚಿ ತೆಗೆಯಿರಿ. ಗ್ಲವ್ ಬಾಕ್ಸ್‌ಗೂ ಅದೇ ಉಪಾಯ.

ಫ್ಯೂಸ್ ಒಂದೊಂದಾಗಿ

ಈಗ ಒಬ್ಬರು ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ಒಂದೊಂದೇ ಫ್ಯೂಸ್ ಕೀಳಲಿ. ಕಿತ್ತದ್ದನ್ನು ಕೂಡಲೇ ಹಾಕಬೇಡಿ. ವಾಪಸು ಹಾಕುವಾಗ ಕೆಲವು ಸಾಮಾನು ಮತ್ತೆ ಎಚ್ಚರಗೊಂಡು ಅಂಕಿ ಕಲಸುತ್ತವೆ. ಯಾವ ಜಾಗದ್ದು ಯಾವುದು ಎಂದು ಮೊದಲೇ ಫೋಟೋ ಹಿಡಿದಿಡಿ. ಅಂಕಿ ದಿಢೀರನೆ ಬಿದ್ದ ಫ್ಯೂಸೇ ನಿಮ್ಮ ಸರ್ಕ್ಯೂಟ್. ಎರಡು ಫ್ಯೂಸ್‌ಗಳಲ್ಲಿ ಸ್ವಲ್ಪ ಸ್ವಲ್ಪ ಬಿದ್ದರೆ ಡ್ರೈನ್ ಎರಡಿವೆ, ಹಳೆ ಗಾಡಿಯಲ್ಲಿ ಅದೇನೂ ಅಪರೂಪವಲ್ಲ.

ಫ್ಯೂಸ್ ಕೀಳದೆಯೂ ಹುಡುಕಬಹುದು. ಪ್ರತಿ ಫ್ಯೂಸ್ ಒಂದು ಸಣ್ಣ ರೆಸಿಸ್ಟರ್. ಬ್ಲೇಡ್ ಫ್ಯೂಸಿನ ನೆತ್ತಿಯ ಎರಡು ಲೋಹದ ಚುಕ್ಕೆಗಳ ಮೇಲೆ ಮೀಟರನ್ನು ಮಿಲಿವೋಲ್ಟ್‌ನಲ್ಲಿಟ್ಟು ಒತ್ತಿದರೆ, ಕರೆಂಟು ಹರಿಯದ ಫ್ಯೂಸ್ 0.0 ತೋರಿಸುತ್ತದೆ, ಹರಿಯುವುದು ಏನಾದರೂ ತೋರಿಸುತ್ತದೆ. 10 ಆಂಪ್ ಫ್ಯೂಸಿನ ಮೇಲೆ 1 ಮಿಲಿವೋಲ್ಟ್ ಅಂದರೆ ಸುಮಾರು 130 ಮಿಲಿಆಂಪ್, 15ರದ್ದಾದರೆ ಸುಮಾರು 200. ಅಂಟಿಕೊಂಡ ರಿಲೇಯನ್ನು ಕದಲಿಸದೆ ಹಿಡಿಯಲು ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಅಂಬಾಸಡರ್, ಪದ್ಮಿನಿಗಳ ಗಾಜಿನ, ಪಿಂಗಾಣಿ ಫ್ಯೂಸುಗಳಲ್ಲಿ ಮಾತ್ರ ಎಚ್ಚರ: ಹಿಡಿಯುವ ಕ್ಲಿಪ್ಪಿನ ತುಕ್ಕೂ ಮಿಲಿವೋಲ್ಟ್ ತೋರಿಸುತ್ತದೆ. ಅಲ್ಲಿ ಇದೆ, ಇಲ್ಲ ಎಂಬುದನ್ನು ನಂಬಿ, ಎಷ್ಟು ಎಂಬುದನ್ನು ನಂಬಬೇಡಿ.

ಫ್ಯೂಸ್ ಸಿಕ್ಕಿತು ಎಂದರೆ ಅರ್ಧ ಕೆಲಸ. ಒಂದೇ ಫ್ಯೂಸಿನ ಮೇಲೆ ರೂಫ್ ಲೈಟ್, ಗಡಿಯಾರ, ಸೆಟ್, ಡಿಕ್ಕಿ ಲೈಟ್ ಎಲ್ಲ ಇರುತ್ತವೆ. ಫ್ಯೂಸ್ ಹಾಕಿ, ಮೀಟರ್ ನೋಡುತ್ತ ಒಂದೊಂದೇ ಸಾಮಾನಿನ ಸಾಕೆಟ್ ಕಳಚಿ. ಎಲ್ಲ ಕಳಚಿದ ಮೇಲೂ ಕರೆಂಟು ನಿಲ್ಲದಿದ್ದರೆ ವೈರೇ ಬಾಡಿಗೆ ತಾಗುತ್ತಿದೆ. ಡ್ಯಾಶಿನ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಹರಿದ ಜಾಗ, ಡಿಕ್ಕಿಯ ಹಿಂಜ್ ಬಳಿ ಬಗ್ಗಿ ಬಗ್ಗಿ ಸೀಳಿದ ವೈರ್, ಸೀಟಿನ ಹಳಿಯ ಕೆಳಗೆ ನಜ್ಜಾದದ್ದು, ಇಲಿ ಕಡಿದದ್ದು, ಈ ನಾಲ್ಕನ್ನು ಮೊದಲು ನೋಡಿ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಬ್ಯಾಟರಿ ಇಳಿದರೆ "ಟೇಲ್ ಲೈಟ್ ಒಳಗೆ ನೀರು ಹೋಗಿದೆ, ಅದಕ್ಕೇ" ಎನ್ನುವವರು ಬಹಳ. ಅದು ಬಹುತೇಕ ತಪ್ಪು. ಪಾರ್ಕಿಂಗ್ ಲೈಟಿನ ವೈರಿನಲ್ಲಿ ಸ್ವಿಚ್ ಹಾಕಿದಾಗ ಮಾತ್ರ ಕರೆಂಟು ಬರುತ್ತದೆ, ಆರಿಸಿದ ಮೇಲೆ ಅಲ್ಲಿ ಎಷ್ಟು ನೀರು ನಿಂತರೂ ಬ್ಯಾಟರಿಗೆ ನಷ್ಟವಿಲ್ಲ. ತೇವ ತಿನ್ನುವುದು ಸದಾ ಜೀವಂತ ಇರುವ ವೈರುಗಳನ್ನು: ಆಲ್ಟರ್ನೇಟರ್ ಮತ್ತು ಸೆಲ್ಫ್ ಮೋಟರಿನ ದಪ್ಪ ಕೇಬಲ್, ಇಗ್ನಿಷನ್ ಸ್ವಿಚ್ಚಿಗೆ ಬರುವ ಮುಖ್ಯ ವೈರ್, ಹಾರ್ನ್, ಹಜಾರ್ಡ್, ರೂಫ್ ಲೈಟ್, ಬಹಳಷ್ಟು ಗಾಡಿಗಳಲ್ಲಿ ಬ್ರೇಕ್ ಲೈಟ್ ಸ್ವಿಚ್. ತಾಮ್ರದ ತುಕ್ಕಿನ ಹಸಿರು ಪುಡಿ ಹುಡುಕುವುದಾದರೆ ಈ ದಾರಿಗಳಲ್ಲಿ ಹುಡುಕಿ.

ಯಾವ ಫ್ಯೂಸಿಗೂ ಬಗ್ಗದಿದ್ದರೆ

ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಹಾಗೇ ನಿಂತರೆ ಉಳಿಯುವುದು ಫ್ಯೂಸ್ ಇಲ್ಲದ ದಪ್ಪ ವೈರುಗಳು. ಅವುಗಳಲ್ಲಿ ಮೊದಲ ಆರೋಪಿ ಆಲ್ಟರ್ನೇಟರ್. ಗ್ಯಾರೇಜಿನಲ್ಲಿ ಇದನ್ನೂ ಡೈನಮೋ ಎಂದೇ ಕರೆಯುತ್ತಾರೆ, ಆದರೆ ಒಳಗಿನ ಕೆಲಸ ಬೇರೆ.

ಆಲ್ಟರ್ನೇಟರ್ ಹುಟ್ಟಿಸುವುದು ಎಸಿ. ಅದನ್ನು ಡಿಸಿ ಮಾಡುವ ಡಯೋಡುಗಳೇ ಎಂಜಿನ್ ನಿಂತಾಗ ಬ್ಯಾಟರಿ ಕರೆಂಟು ಹಿಂದೆ ಹರಿಯದಂತೆ ತಡೆಯುವ ಬಾಗಿಲು ಕೂಡ. ಪ್ಲಸ್ ಬದಿಯ ಒಂದು ಡಯೋಡ್ ಶಾರ್ಟ್ ಆದರೆ ಬ್ಯಾಟರಿ ಕರೆಂಟು ಸ್ಟೇಟರಿಗೆ (ತಿರುಗದ ಹೊರ ಸುರುಳಿ) ನುಗ್ಗಿ, ಸಣ್ಣ ಫೀಲ್ಡ್ ಡಯೋಡುಗಳಿರುವ ಮಾದರಿಗಳಲ್ಲಿ ಅವುಗಳ ಮೂಲಕ ರೋಟರಿಗೆ (ಒಳಗೆ ತಿರುಗುವ ಆಯಸ್ಕಾಂತ ಸುರುಳಿ) ಇಳಿಯುತ್ತದೆ. ಆಗ ಮೂರು ಗುರುತು ಕಾಣುತ್ತವೆ. ಚಾವಿ ತೆಗೆದ ಮೇಲೂ ಚಾರ್ಜಿಂಗ್ ಲೈಟ್ ಕತ್ತಲಲ್ಲಿ ಮಿಣುಕುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಆಲ್ಟರ್ನೇಟರ್ ಬೆಳಿಗ್ಗೆ ಬೆಚ್ಚಗಿರುತ್ತದೆ. ಅದರ ಪುಲ್ಲಿಯ ನಟ್ ಹತ್ತಿರ ಸ್ಕ್ರೂಡ್ರೈವರ್ ಹಿಡಿದರೆ ಆಯಸ್ಕಾಂತಕ್ಕೆ ಸಿಕ್ಕಂತೆ ಎಳೆಯುತ್ತದೆ. ಚಾವಿ ತೆಗೆದ ಮೇಲೆ ಹಾಗಾಗಬಾರದು.

ಖಚಿತಪಡಿಸಿಕೊಳ್ಳಲು ಬ್ಯಾಟರಿ ಮೈನಸ್ ಕಳಚಿ, ಆಲ್ಟರ್ನೇಟರಿನ ಹಿಂದಿನ ಬಿ ಪ್ಲಸ್ ಬೋಲ್ಟಿನ ದಪ್ಪ ವೈರ್ ಮತ್ತು ಪಕ್ಕದ ಸಣ್ಣ ಸಾಕೆಟ್ ಎರಡನ್ನೂ ಬಿಚ್ಚಿ, ವೈರಿನ ತುದಿಗೆ ಟೇಪ್ ಸುತ್ತಿ, ಮತ್ತೆ ಮೀಟರ್ ಜೋಡಿಸಿ. ಅಂಕಿ ಬಿದ್ದರೆ ತೀರ್ಪು ಆಯಿತು. ಮುಂದುವರಿದು ನೋಡಬೇಕೆಂದರೆ ವೈರ್ ಬಿಚ್ಚಿರುವಾಗಲೇ ಮೀಟರನ್ನು ಡಯೋಡ್ ಗುರುತಿಗಿಟ್ಟು ಕೆಂಪು ಕಡ್ಡಿ ಆಲ್ಟರ್ನೇಟರ್ ಬಾಡಿಗೆ, ಕಪ್ಪು ಕಡ್ಡಿ ಬಿ ಪ್ಲಸ್ ಬೋಲ್ಟಿಗೆ ಇಡಿ. ಎರಡು ಡಯೋಡ್ ಸಾಲಾಗಿರುವುದರಿಂದ 0.8ರಿಂದ 1 ವೋಲ್ಟ್ ಬರಬೇಕು. 0.5ರ ಆಸುಪಾಸು ಬಂದರೆ ಒಂದು ಸಾಲಿನಲ್ಲಿ ಶಾರ್ಟ್ ಇದೆ. ಕಡ್ಡಿ ಅದಲುಬದಲು ಮಾಡಿದಾಗ ಏನೂ ತೋರಿಸಬಾರದು. ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಎಸಿ ವೋಲ್ಟೇಜ್ ಅಳೆಯಿರಿ ಎಂಬ ಸಲಹೆಯೂ ಇದೆ, ಅರ್ಧ ವೋಲ್ಟ್ ಮೀರಿದರೆ ಡಯೋಡ್ ದೋಷ. ಆದರೆ ಅಗ್ಗದ ಹಳದಿ ಮೀಟರುಗಳು ಎಸಿ ಗುರುತಿನಲ್ಲಿ ಶುದ್ಧ ಡಿಸಿಯನ್ನೇ ಎರಡರಷ್ಟು ಮಾಡಿ ತೋರಿಸುವುದುಂಟು. ಅಲ್ಲಿ 27 ಕಂಡು ಆಲ್ಟರ್ನೇಟರ್ ಬದಲಿಸಬೇಡಿ. ಬದಲಿಸಬೇಕಾದಾಗಲೂ ಪೂರ್ತಿ ಆಲ್ಟರ್ನೇಟರ್ ಬೇಕಿಲ್ಲ, ಡಯೋಡ್ ಪ್ಲೇಟ್ ಬಿಡಿಯಾಗಿ ಸಿಗುತ್ತದೆ.

ನಿಜವಾದ ಡೈನಮೋ ಇರುವ ತೀರಾ ಹಳೆಯ ಗಾಡಿಯಲ್ಲಿ ಹಿಂದೆ ಹರಿಯದಂತೆ ತಡೆಯುವ ಡಯೋಡ್ ಕೆಲಸವನ್ನು ಕಟೌಟ್ ಎಂಬ ರಿಲೇ ಮಾಡುತ್ತದೆ. ಎಂಜಿನ್ ನಿಂತಾಗ ಅದರ ಪಾಯಿಂಟ್ ತೆರೆದುಕೊಳ್ಳಬೇಕು. ಪಾಯಿಂಟ್ ಬೆಸೆದುಕೊಂಡರೆ ಬ್ಯಾಟರಿ ಡೈನಮೋವನ್ನೇ ಮೋಟರಿನಂತೆ ತಿರುಗಿಸಲು ನೋಡುತ್ತದೆ, ಡ್ಯಾಶಿನ ಆಂಪ್ ಮೀಟರಿನ ಮುಳ್ಳು ಮೈನಸ್ ಕಡೆ ಪೂರ್ತಿ ಬೀಳುತ್ತದೆ. ಇದು ಹುಡುಕುತ್ತ ಕೂರುವ ಸೋರಿಕೆಯಲ್ಲ. ವೈರ್ ಹೊಗೆಯಾಡುವ ಮೊದಲು ಬ್ಯಾಟರಿ ಕಳಚಿ. ಡೀಸೆಲ್ ಜೀಪಿನಲ್ಲಿ ಇದೇ ಬಗೆಯ ದೊಡ್ಡ ಎಳೆತಕ್ಕೆ ಇನ್ನೊಂದು ಕಾರಣ ಸ್ಟಾರ್ಟಿಗೆ ಮೊದಲು ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್‌ನ ರಿಲೇ ಅಂಟಿಕೊಳ್ಳುವುದು.

ಇವೆರಡೂ ಅಲ್ಲವಾದರೆ ಇಗ್ನಿಷನ್ ಸ್ವಿಚ್. ಚಾವಿ ತೆಗೆದ ಮೇಲೆ ವೈಪರ್, ಬ್ಲೋವರ್ ಹಾಕಿ ನೋಡಿ. ತಿರುಗಿದರೆ ಸ್ವಿಚ್ಚಿನೊಳಗಿನ ಸಂಪರ್ಕ ಬಿಡುತ್ತಿಲ್ಲ.

ಆಮೇಲೆ ಸೇರಿಸಿದ್ದು

ಇಷ್ಟೆಲ್ಲ ಹೇಳಿದರೂ ಹಳೆ ಗಾಡಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಂಪನಿಯ ವೈರಿಂಗ್ ಅಲ್ಲ, ಅಂಗಡಿಯಲ್ಲಿ ಆಮೇಲೆ ಹಾಕಿಸಿದ್ದು. ಹಾಡಿನ ಸೆಟ್ಟಿನ ಹಳದಿ ವೈರ್ ಮೆಮೊರಿಗೆ, ಅದು ಸದಾ ಬ್ಯಾಟರಿಗೆ. ಕೆಂಪು ವೈರ್ ಚಾವಿ ತಿರುಗಿಸಿದಾಗ ಮಾತ್ರ ಬರುವ ಕಡೆಗೆ. ಅವಸರದ ಕೆಲಸಗಾರ ಎರಡನ್ನೂ ಹೊಸೆದು ಬ್ಯಾಟರಿಗೆ ಕೊಟ್ಟಿರುತ್ತಾನೆ, ಏಕೆಂದರೆ ಗಿರಾಕಿಗೆ ಚಾವಿ ಇಲ್ಲದೆಯೂ ಹಾಡು ಬೇಕು. ಸೆಟ್ಟಿನ ಮುಂಭಾಗದ ದೀಪ ಆರಿಸಿದರೂ ಅದು ಒಳಗೊಳಗೇ ಎಚ್ಚರವಿರುತ್ತದೆ. ಆಂಪ್ಲಿಫೈಯರ್ ಇದ್ದರೆ ಅದರ ನೀಲಿ ರಿಮೋಟ್ ವೈರ್ ಎಲ್ಲಿಗೆ ಕೂತಿದೆ ನೋಡಿ; ಸೆಟ್ಟಿಗೆ ಕೊಡುವ ಬದಲು ನೇರ ಪ್ಲಸ್‌ಗೆ ಕೊಟ್ಟಿದ್ದರೆ ಆಂಪ್ಲಿಫೈಯರ್ ಎಂದೂ ಮಲಗುವುದಿಲ್ಲ. ಸೆಂಟ್ರಲ್ ಲಾಕ್, ಮೊಬೈಲ್ ಚಾರ್ಜರ್, ಫಾಗ್ ಲೈಟ್ ರಿಲೇ ಎಲ್ಲವನ್ನೂ ಒಂದೇ ಕಡೆ ಹೊಸೆದು ಟೇಪ್ ಸುತ್ತಿದ ಗಂಟು ಸ್ಟಿಯರಿಂಗ್ ಕೆಳಗೆ ಸಿಕ್ಕರೆ, ಅಳತೆ ಮುಂದುವರಿಸುವ ಮೊದಲು ಅದನ್ನು ಬಿಡಿಸಿ.

ಒಮ್ಮೆ ಬಂದು ಒಮ್ಮೆ ಹೋಗುವ ಡ್ರೈನ್

ಅಳೆದಾಗ 20 ಮಿಲಿಆಂಪ್, ಆದರೂ ವಾರಕ್ಕೊಮ್ಮೆ ಬ್ಯಾಟರಿ ಸತ್ತರೆ ರಿಲೇ ಅಥವಾ ಸ್ವಿಚ್ ಆಗಾಗ ಅಂಟುತ್ತಿದೆ ಎಂದರ್ಥ. ಬಿಸಿಯಾದಾಗ ಮಾತ್ರ ಅಂಟುವುದೂ ಇದೆ, ಆದ್ದರಿಂದ ತಣ್ಣಗಿರುವ ಗಾಡಿಯನ್ನು ಅಳೆದು ಪ್ರಯೋಜನವಿಲ್ಲ. ಅರ್ಧ ಗಂಟೆ ಓಡಿಸಿ, ಫ್ಯಾನ್, ಎಸಿ, ಹಾರ್ನ್, ಬ್ರೇಕ್ ಎಲ್ಲ ಬಳಸಿ, ನಿಲ್ಲಿಸಿದ ಕೂಡಲೇ ಫ್ಯೂಸುಗಳ ಮೇಲೆ ಮಿಲಿವೋಲ್ಟ್ ನೋಡಿ, ರಿಲೇಗಳನ್ನು ಬೆರಳಿನಿಂದ ಮುಟ್ಟಿ. ಅನುಮಾನದ ರಿಲೇಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಅಂಕಿ ಬಿದ್ದರೆ ಅದನ್ನು ಉಜ್ಜಿ ಉಳಿಸಿಕೊಳ್ಳಲು ಹೋಗಬೇಡಿ, ಹೊಸದು ಹಾಕಿ.

ಟರ್ಮಿನಲ್ ಮೇಲೆ ಕೂರಿಸುವ ಕಟ್‌ಆಫ್ ಸ್ವಿಚ್ ಕೆಲವರ ಪರಿಹಾರ. ತಿಂಗಳಿಗೊಮ್ಮೆ ಹೊರಬರುವ ಗಾಡಿಗೆ ಅದು ಒಳ್ಳೆಯದೇ. ದಿನ ಓಡುವ ಗಾಡಿಗೆ ಹಾಕಿದರೆ ಶಾರ್ಟ್ ಆಗುತ್ತಿರುವ ವೈರ್ ಹಗಲಿಡೀ ಬಿಸಿಯಾಗುತ್ತಲೇ ಇರುತ್ತದೆ, ನಿಮಗೆ ತಿಳಿಯುವುದಿಲ್ಲ ಅಷ್ಟೆ.

ದೋಷ ಸರಿಪಡಿಸಿದ ಮೇಲೆ ಬ್ಯಾಟರಿಯನ್ನು ಓಡಿಸಿಯೇ ತುಂಬಿಸುತ್ತೇನೆ ಎಂದುಕೊಳ್ಳಬೇಡಿ. ಪೂರ್ತಿ ಬಸಿದ 35 ಎಎಚ್ ಬ್ಯಾಟರಿಗೆ ಚಾರ್ಜರಿನಲ್ಲಿ ಸುಮಾರು 3.5 ಆಂಪ್‌ನಂತೆ ಹತ್ತು ಹನ್ನೆರಡು ಗಂಟೆ ಬೇಕು, ಗಾಳಿಯಾಡುವ ಜಾಗದಲ್ಲಿ. ವಾರಗಟ್ಟಲೆ ಖಾಲಿ ನಿಂತಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಎಷ್ಟು ಚಾರ್ಜ್ ಮಾಡಿದರೂ ಏಳದಿರಬಹುದು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಹೊಸ ಬ್ಯಾಟರಿ ತನ್ನಿ. ಈಗ ಆ ದುಡ್ಡು ದಂಡವಲ್ಲ. ಟರ್ಮಿನಲ್ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಹೊಸದಾಗಿ ಎಳೆದ ಪ್ರತಿ ವೈರಿಗೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಅದರದೇ ಫ್ಯೂಸ್ ಇರಲಿ.